‘ಕಡೆ’, ‘ದಿಕ್ಕು’, ‘ನೇರ’: ಆಂಟೆನಾ ತಿರುಗಿಸುವವರಿಗೆ ಯಾವ ಪದ?

ಗೆಳೆಯರೇ,

ಬಳ್ಳಾರಿಯಿಂದ ರಾಯಚೂರು ಯಾವ ಕಡೆ? ಬಸ್ಸಿನಲ್ಲಿ ಓಡಾಡುವವರು ಸಿರುಗುಪ್ಪದ ಕಡೆ, ಅಂದರೆ ಉತ್ತರಕ್ಕೆ ಕೈ ತೋರಿಸುತ್ತಾರೆ. ರೈಲಿನವರು ಗುಂತಕಲ್ ಕಡೆ, ಅಂದರೆ ಪೂರ್ವಕ್ಕೆ. ಇಬ್ಬರ ಮಾತೂ ಸರಿ. ಬಸ್ಸು ಸಿರುಗುಪ್ಪ, ಸಿಂಧನೂರು, ಮಾನ್ವಿ ಮುಟ್ಟಿಕೊಂಡು ಹೋಗುತ್ತದೆ. ರೈಲು ಗುಂತಕಲ್‌ಗೆ ಹೋಗಿ, ಅಲ್ಲಿಂದ ಆದೋನಿ, ಮಂತ್ರಾಲಯ ರೋಡ್ ದಾಟಿ ಬರುತ್ತದೆ. ಆದರೆ ರೇಡಿಯೋ ಅಲೆಗೆ ರಸ್ತೆಯೂ ಬೇಡ, ಹಳಿಯೂ ಬೇಡ. ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರೆ ರಾಯಚೂರು ಸಿಗುವುದು ಉತ್ತರದಿಂದ ಪೂರ್ವಕ್ಕೆ ಸುಮಾರು 20 ಡಿಗ್ರಿ ಸರಿದು, ಹೆಚ್ಚು ಕಡಿಮೆ 125 ಕಿಲೋಮೀಟರ್ ದೂರದಲ್ಲಿ. ಆಂಟೆನಾ ನೋಡಬೇಕಾದದ್ದು ಆ ಗೆರೆಯನ್ನು. ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ನಾನು ಹವ್ಯಾಸಿ ರೇಡಿಯೋದವನು, ಹ್ಯಾಮ್ ಅಂತಾರಲ್ಲ, ಅದು. ಹೊಸದಾಗಿ ಲೈಸೆನ್ಸ್ ಪಡೆದ ನಮ್ಮ ಭಾಗದ ಹುಡುಗರಿಗಾಗಿ ವಿಎಚ್‌ಎಫ್, ಅಂದರೆ ಬಹು ಹೆಚ್ಚಿನ ಆವರ್ತನದ ರೇಡಿಯೋ ಅಲೆಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ 2 ಮೀಟರ್ ಬ್ಯಾಂಡ್. ನಮ್ಮ ದೇಶದಲ್ಲಿ ಅದು 144ರಿಂದ 146 ಮೆಗಾಹರ್ಟ್ಸ್. ಯಂತ್ರದ ಭಾಗಗಳಿಗೆ ಪದದ ಚಿಂತೆ ಇಲ್ಲ. ಆಂಟೆನಾ, ಕೇಬಲ್, ಬಂದ ಮಾತನ್ನು ಮತ್ತೆ ದೂರಕ್ಕೆ ಕಳಿಸುವ ರಿಪೀಟರ್, ಹ್ಯಾಮ್‌ಗಳಿಗೆಲ್ಲ ಹಾಗೇ ಗೊತ್ತು, ಹಾಗೇ ಬರೆದಿದ್ದೇನೆ. ಅವುಗಳಿಗೆ ಸಂಸ್ಕೃತದ ಅಂಗಿ ತೊಡಿಸುವ ಆಸೆ ನನಗಿಲ್ಲ. ತೊಡಕು ಇರುವುದು ನಾವು ದಿನಾ ಬಳಸುವ ಸಣ್ಣ ಸಣ್ಣ ಮಾತುಗಳಲ್ಲಿ.

ಮೊದಲನೆಯದು ಮೇಲೆ ಹೇಳಿದ್ದೇ. ‘ಕಡೆ’ ಅಂದರೆ ನಮ್ಮ ಮನಸ್ಸಿಗೆ ಬರುವುದು ಹೋಗುವ ದಾರಿ. ‘ದಿಕ್ಕು’ ಅಂದರೆ ಎಂಟರಲ್ಲಿ ಒಂದು. ವಾಸ್ತುವಿನ ದಯೆಯಿಂದ ಈಶಾನ್ಯ, ನೈಋತ್ಯ ಯಾರಿಗೂ ಹೊಸದಲ್ಲ. ಮೂರು ಕಡ್ಡಿಯ ಯಾಗಿ ಆಂಟೆನಾಗೆ ಇಷ್ಟೇ ಸಾಕು. ಯಾಗಿ ಅಂದರೆ ಹಿಂದೆ ಟಿವಿಗೆ ಮಾಳಿಗೆ ಮೇಲೆ ಹಾಕುತ್ತಿದ್ದರಲ್ಲ, ಉದ್ದನೆಯ ದಂಡಕ್ಕೆ ಸಾಲಾಗಿ ಕಡ್ಡಿ ಕೂರಿಸಿದ್ದು, ಆ ಥರದ್ದು. ಅದು ಸುಮಾರು 60 ಡಿಗ್ರಿ ಅಗಲಕ್ಕೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಒಂದೊಂದು ದಿಕ್ಕಿನ ಪಾಲು ಬರೀ 45 ಡಿಗ್ರಿ. ಬಳ್ಳಾರಿಯಲ್ಲಿ ಕೂತು ಅದನ್ನು ರಾಯಚೂರಿಗೆ ಹಿಡಿದರೆ ಹೈದರಾಬಾದ್ ಕೂಡ ಅದರ ಎದುರಿಗೇ ಬರುತ್ತದೆ, ಎರಡಕ್ಕೂ ಇರುವ ಅಂತರ ಹದಿನೈದು ಡಿಗ್ರಿಯೂ ಇಲ್ಲ. ಕಡ್ಡಿ ಹತ್ತು ಹನ್ನೆರಡು ಆದಾಗ ಕಥೆ ಬೇರೆ. ಆಗ ಅಗಲ ಅರ್ಧದಷ್ಟಾಗುತ್ತದೆ, ‘ಸ್ವಲ್ಪ ಈಶಾನ್ಯಕ್ಕೆ’ ಅನ್ನುವ ಮಾತು ಸಾಲುವುದಿಲ್ಲ.

ಉತ್ತರದಿಂದ ಪೂರ್ವದ ಕಡೆಗೆ ಸುತ್ತುತ್ತಾ ಎಣಿಸಿದ ಡಿಗ್ರಿಗೆ ‘ದಿಗಂಶ’ ಅನ್ನುವ ಪದ ಇದೆ, ಗೊತ್ತು. ಆದರೆ ಮಾಳಿಗೆ ಮೇಲೆ ನಿಂತು ಕೆಳಗಿನವರಿಗೆ ‘ದಿಗಂಶ 20’ ಅಂತ ಕೂಗುವವರು ಯಾರು? ನನಗೆ ತೋಚಿದ್ದು ‘ನೇರ’. ‘ಆ ಕಂಬದ ನೇರಕ್ಕೆ ಬಾ’, ‘ಬಾವಿಯ ನೇರಕ್ಕೆ ಬದು ಹಾಕು’ ಅನ್ನುತ್ತೇವಲ್ಲ, ಆ ನೇರ. ‘ರಾಯಚೂರಿನ ನೇರ 20, ಕೊಪ್ಪಳದ ನೇರ 285, ಬೆಂಗಳೂರಿನ ನೇರ 163’. ಓದಲು ಸಲೀಸಾಗಿದೆ. ರಾಯಚೂರಿನವರು ತಿರುಗಿ ಬಳ್ಳಾರಿಯನ್ನು ನೋಡಬೇಕಾದಾಗ 180 ಕೂಡಿಸಿ 200 ಅನ್ನಬೇಕು, ಅದಕ್ಕೆ ‘ಎದುರು ನೇರ’ ಅಂದರಾಯಿತು. ಒಂದೇ ಅಳುಕು. ‘ಆಂಟೆನಾ ನೇರ ಮಾಡು’ ಅಂದರೆ ವಾಲಿದ ಕಂಬವನ್ನು ನೆಟ್ಟಗೆ ನಿಲ್ಲಿಸು ಅಂತಲೂ ಅರ್ಥ ಆಗುತ್ತದೆ. ಹಾಗಾಗಿ ‘ನೇರಕ್ಕೆ’ ಅನ್ನುವ ರೂಪವನ್ನೇ ಬಳಸಬೇಕು ಅಂತ ನನ್ನ ಅನಿಸಿಕೆ. ನಿಮಗೆ ಏನನ್ನಿಸುತ್ತದೆ?

ಎರಡನೆಯದು ‘ತಿರುಗಿಸು’. ಇದು ಹೆಚ್ಚು ತಲೆ ತಿನ್ನುವ ಪದ. ಯಾಗಿಯನ್ನು ಎರಡು ಥರ ತಿರುಗಿಸಬಹುದು. ಕಂಬವನ್ನು ಹಿಡಿದು ಸುತ್ತಿಸಿದರೆ ಅದು ನೋಡುವ ಊರು ಬದಲಾಗುತ್ತದೆ. ಕಂಬ ಹಾಗೇ ಇರಲಿ, ಯಾಗಿಯ ಉದ್ದನೆಯ ದಂಡವನ್ನು ಇದ್ದಲ್ಲೇ ತಿರುವಿದರೆ ಮಲಗಿದ ಕಡ್ಡಿಗಳು ಎದ್ದು ನಿಲ್ಲುತ್ತವೆ, ನೋಡುವ ಊರು ಅದೇ ಇರುತ್ತದೆ. ಎರಡನೆಯದಕ್ಕೆ ತುಂಬಾ ಮಹತ್ವ ಇದೆ. ಎಫ್‌ಎಂನಲ್ಲಿ, ರಿಪೀಟರ್ ಮೂಲಕ ಮಾತಾಡುವವರು ಕಡ್ಡಿಯನ್ನು ನಿಲ್ಲಿಸುತ್ತಾರೆ. ದೂರದವರನ್ನು ಎಸ್‌ಎಸ್‌ಬಿ ಅನ್ನುವ ಇನ್ನೊಂದು ವಿಧಾನದಲ್ಲಿ ಹುಡುಕುವವರು ಮಲಗಿಸುತ್ತಾರೆ. ಒಬ್ಬರದು ನಿಂತು ಇನ್ನೊಬ್ಬರದು ಮಲಗಿದ್ದರೆ ನಷ್ಟ ಸಾಮಾನ್ಯವಾಗಿ 20 ಡೆಸಿಬೆಲ್ ಆಸುಪಾಸು. ಅಂದರೆ ನೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಕೈಗೆ ಬರುತ್ತದೆ. ನೇರ ಎಷ್ಟೇ ಸರಿ ಇದ್ದರೂ ಆಚೆಯವರು ಸಿಗದೇ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಕಡ್ಡಿ ನಿಂತಿದೆಯೋ ಮಲಗಿದೆಯೋ ಅನ್ನುವುದನ್ನು ಪಠ್ಯಪುಸ್ತಕ ‘ಧ್ರುವೀಕರಣ’ ಅನ್ನುತ್ತದೆ. ಹುಡುಗರು ಧ್ರುವ ಅಂದ ಕೂಡಲೇ ಉತ್ತರ ಧ್ರುವ ನೆನೆಸಿಕೊಂಡು ದಿಕ್ಸೂಚಿ ತೆಗೆಯುತ್ತಾರೆ! ‘ನಿಂತ ಕಡ್ಡಿ’, ‘ಮಲಗಿದ ಕಡ್ಡಿ’ ಅಂತಲೇ ಬರೆದಿದ್ದೇನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅನುಮಾನ ಇರುವುದು ಕ್ರಿಯಾಪದದಲ್ಲಿ. ಕಂಬ ಸುತ್ತಿಸುವುದಕ್ಕೆ ‘ತಿರುಗಿಸು’, ಕಡ್ಡಿ ನಿಲ್ಲಿಸುವುದಕ್ಕೆ ‘ಹೊರಳಿಸು’ ಅಂತ ಬೇರೆ ಮಾಡಿದೆ. ನಿದ್ದೆಯಲ್ಲಿ ಮಗ್ಗುಲು ಹೊರಳುತ್ತೇವಲ್ಲ, ಆ ಅರ್ಥದಲ್ಲಿ. ಆದರೆ ಕೊಪ್ಪಳದ ಗೆಳೆಯರೊಬ್ಬರು ಒಪ್ಪಲಿಲ್ಲ. ‘ನಮ್ಮಲ್ಲಿ ಹೊಳ್ಳಿ ನೋಡು ಅಂದ್ರ ಹಿಂದಕ ನೋಡು ಅಂತ. ಆಂಟೆನಾ ಹೊಳ್ಳಿಸು ಅಂದ್ರ ನಾನು ಅದರ ಮಾರೀನ ಹಿಂದಕ್ಕ ಮಾಡ್ತೀನಿ’ ಅಂದರು. ಅವರ ಮಾತಲ್ಲಿ ಹುರುಳಿದೆ. ‘ಮಗ್ಗುಲಾಗಿಸು’ ಅಂದರೆ ಸರಿ ಹೋದೀತಾ? ಕಡ್ಡಿಗೆ ‘ಏಳಿಸು’, ‘ಮಲಗಿಸು’ ಅಂತ ಎರಡೇ ಕ್ರಿಯಾಪದ ಇಟ್ಟುಕೊಂಡು ಮೂರನೆಯದರ ಗೊಡವೆಯೇ ಬೇಡ ಅನ್ನುವವರೂ ಇದ್ದಾರೆ.

ಕೊಪ್ಪಳದ ಆ ಗೆಳೆಯರು ‘ಮಾರಿ’ ಅಂದದ್ದು ಗಮನಿಸಿದಿರಾ? ಕೊಪ್ಪಳ, ರಾಯಚೂರಿನವರಿಗೆ ಮಾರಿ ಅಂದರೆ ಮುಖ. ಬಳ್ಳಾರಿಯಿಂದ ದಕ್ಷಿಣಕ್ಕೆ ಹೋದಂತೆ ಅದು ಬರೀ ದೇವತೆ. ‘ಆಂಟೆನಾದ ಮಾರಿ ಬೆಂಗಳೂರಿಗೆ ಮಾಡಿ’ ಅಂತ ಬರೆದರೆ ಮಂಡ್ಯದವರು ಗಾಬರಿಯಾದಾರು! ಕೈಪಿಡಿಯಲ್ಲಿ ‘ಮುಖ’ ಅಂತಲೇ ಇಟ್ಟಿದ್ದೇನೆ. ಮುಖ, ಬೆನ್ನು, ಮಗ್ಗುಲು, ಮೂರೂ ಯಾಗಿಗೆ ಚೆನ್ನಾಗಿ ಒಗ್ಗುತ್ತವೆ. ಚಿಕ್ಕ ಕಡ್ಡಿಗಳು ಇರುವುದು ಮುಖ, ಎಲ್ಲಕ್ಕಿಂತ ಉದ್ದನೆಯ ಕಡ್ಡಿ ಇರುವುದು ಬೆನ್ನು. ಬೆನ್ನಿಗೆ ಕಿವಿ ಮಂದ, ಮಗ್ಗುಲಿಗೆ ಇನ್ನೂ ಮಂದ. ಯಾವುದೋ ಬೇಡದ ಸದ್ದು ಜಾಸ್ತಿ ಬರುತ್ತಿದ್ದರೆ ಅದಕ್ಕೆ ಮಗ್ಗುಲು ಕೊಟ್ಟು ಕೂರುವುದೂ ಒಂದು ಉಪಾಯ.

‘ಅಡ್ಡ’ ಕೂಡ ತೊಂದರೆ ಕೊಡುತ್ತದೆ. ‘ಗುಡ್ಡ ಅಡ್ಡ ಇದೆ’ ಅಂದರೆ ತಡೆ. ‘ಕಡ್ಡಿ ಅಡ್ಡ ಇದೆ’ ಅಂದರೆ ಮಲಗಿದೆ. ಗದ್ದಲದ ನಡುವೆ ಬರೀ ‘ಅಡ್ಡ ಇದೆ’ ಅನ್ನುವಷ್ಟು ಮಾತ್ರ ಕಿವಿಗೆ ಬಿದ್ದರೆ ಏನು ಮಾಡುವುದು? ಊರ ನಡುವೆ ಎರಡು ಕಲ್ಲುಗುಡ್ಡ ಇಟ್ಟುಕೊಂಡ ಬಳ್ಳಾರಿಯವರಿಗೆ, ಪಡುವಣಕ್ಕೆ ಸಂಡೂರಿನ ಬೆಟ್ಟಸಾಲು ಬೇರೆ ಇರುವಾಗ, ಇದು ಸುಮ್ನೆ ಎತ್ತಿದ ಮಾತಲ್ಲ. ವಿಎಚ್‌ಎಫ್ ಅಲೆ ಹೆಚ್ಚಾಗಿ ಕಣ್ಣಿನ ಅಳತೆಯಲ್ಲೇ ಸಾಗುತ್ತದೆ. 10 ಮೀಟರ್ ಎತ್ತರದ ಆಂಟೆನಾಗೆ ರೇಡಿಯೋ ದಿಗಂತ ಸುಮಾರು 13 ಕಿಲೋಮೀಟರ್. ಅದರಾಚೆಗೆ ರಿಪೀಟರ್ ಬೇಕು, ಇಲ್ಲವೇ ಹವೆಯ ಪದರಗಳು ಅಲೆಯನ್ನು ಬಗ್ಗಿಸಿಕೊಡಬೇಕು. ಕೆಲವೊಮ್ಮೆ ಗುಡ್ಡಕ್ಕೇ ಗುರಿ ಇಟ್ಟರೆ ಅಲೆ ಅದಕ್ಕೆ ಬಡಿದು ಚಿಮ್ಮಿ ಬೇಕಾದ ಊರಿಗೆ ಹೋಗುತ್ತದೆ. ಆಗ ಆಂಟೆನಾ ಊರಿನ ನೇರಕ್ಕೆ ಇರುವುದಿಲ್ಲ, ಗುಡ್ಡದ ನೇರಕ್ಕೆ ಇರುತ್ತದೆ. ಇದನ್ನು ‘ಗೋಡೆ ಹೊಡೆತ’ ಅಂತ ಹುಡುಗರು ಕೇರಂ ಆಟದ ಮಾತಿನಲ್ಲಿ ಕರೆದರೆ ನನ್ನ ತಕರಾರಿಲ್ಲ.

ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೋವನ್ನು 145.800 ಮೆಗಾಹರ್ಟ್ಸ್‌ನಲ್ಲಿ ಕೇಳುವವರಿಗೆ ಇನ್ನೊಂದು ಪದ ಬೇಕು. ಅದು ಬಂದು ಹೋಗುವುದು ಹತ್ತು ನಿಮಿಷದೊಳಗೆ, ಪಡುವಣದಿಂದ ಮೂಡಣಕ್ಕೆ. ಯಾಗಿಯನ್ನು ಕೈಯಲ್ಲೇ ಹಿಡಿದು ನೇರದ ಜೊತೆಗೆ ಮೇಲಕ್ಕೂ ಎತ್ತುತ್ತಾ ಹೋಗಬೇಕು. ಆ ಎತ್ತುವ ಕೋನಕ್ಕೆ ‘ಎತ್ತರ’ ಅನ್ನುವ ಹಾಗಿಲ್ಲ, ಆಂಟೆನಾ ಎಷ್ಟು ಮೀಟರ್ ಮೇಲಿದೆ ಅನ್ನುವುದಕ್ಕೆ ಆ ಪದ ಆಗಲೇ ಖರ್ಚಾಗಿದೆ. ‘ಹೊತ್ತು ಮಾರುದ್ದ ಏರಿತ್ತು’ ಅನ್ನುತ್ತಿದ್ದರಲ್ಲ ನಮ್ಮ ಹಿರಿಯರು, ಅಲ್ಲಿಂದ ‘ಏರು’ ಎತ್ತಿಕೊಂಡಿದ್ದೇನೆ. ‘ನೇರ 230, ಏರು 15’. ತಲೆಯ ಮೇಲೆ ಬಂದಾಗ ‘ನಡುನೆತ್ತಿ’.

ಕೊನೆಗೆ, ಈ ಕೈಪಿಡಿಗೆ ಸೇರದಿದ್ದರೂ ನನಗೆ ಕುತೂಹಲ ಇರುವ ಒಂದು ವಿಷಯ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ‘ಸೈಟ್’ ಪ್ರಯೋಗದಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಬಂತು. ಕೊಪ್ಪಳ ಆಗ ಅದೇ ಜಿಲ್ಲೆಯಲ್ಲಿತ್ತು. ತಂತಿ ಬಲೆಯ ದೊಡ್ಡ ಬಟ್ಟಲಿನಂಥ ಆಂಟೆನಾಗಳು. ಉಪಗ್ರಹ ನಿಂತಿದ್ದದ್ದು ಆಫ್ರಿಕಾದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಹಾಗಾಗಿ ಬಟ್ಟಲುಗಳೆಲ್ಲ ಪಡುವಣಕ್ಕೆ, ತುಸು ತೆಂಕಣಕ್ಕೆ ಸರಿದು ಮುಖ ಮಾಡಿದ್ದವು. ಆ ಬಟ್ಟಲಿಗೆ, ಅದನ್ನು ಕೂರಿಸುವ ಕೆಲಸಕ್ಕೆ, ಅದು ನೋಡುತ್ತಿದ್ದ ದಿಕ್ಕಿಗೆ ಹಳ್ಳಿಯವರು ಏನನ್ನುತ್ತಿದ್ದರು? ಲಿಂಗಸೂರು, ದೇವದುರ್ಗ, ಮಾನ್ವಿ ಕಡೆಯ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ, ಅವರು ಹೇಳಿದ ಹಾಗೇ, ಅವರ ಮಾತಿನಲ್ಲೇ ಬರೆದು ಕಳಿಸಿ.