ಯಕ್ಷಗಾನವನ್ನು ಶಾಸ್ತ್ರೀಯ ನೃತ್ಯಗಳ ಸಾಲಿಗೆ ಸೇರಿಸಬೇಕೆ?

ಹೊನ್ನಾವರದ ಬಡಗಿಗ: ಕೇಂದ್ರ ಸಂಗೀತ ನಾಟಕ ಅಕಾಡೆಮಿ ಶಾಸ್ತ್ರೀಯವೆಂದು ಮನ್ನಿಸಿರುವ ಎಂಟು ನೃತ್ಯಗಳಲ್ಲಿ ಕಥಕ್ಕಳಿ ಇದೆ, ಕೂಚಿಪುಡಿ ಇದೆ, 2000ನೇ ಇಸವಿಯಲ್ಲಿ ಅಸ್ಸಾಮಿನ ಸತ್ರಿಯವೂ ಸೇರಿತು; ಯಕ್ಷಗಾನ ಮಾತ್ರ ಇನ್ನೂ ಜಾನಪದದ ಪಟ್ಟಿಯಲ್ಲಿದೆ. ಕಥೆಗೆ ಮೊದಲು ನಡೆಯುವ ಪೂರ್ವರಂಗದ ಸಭಾಲಕ್ಷಣ, ಪಾತ್ರಗಳ ರಂಗಪ್ರವೇಶವಾದ ಒಡ್ಡೋಲಗದ ಕ್ರಮ, ತಾಳಕ್ಕೆ ತಕ್ಕ ಹೆಜ್ಜೆ, ಪಾತ್ರಕ್ಕೆ ತಕ್ಕ ಮುಖವರ್ಣಿಕೆ ಇವೆಲ್ಲ ಇಷ್ಟು ಕಟ್ಟುನಿಟ್ಟಾಗಿರುವ ಕಲೆಗೆ ಶಾಸ್ತ್ರವಿಲ್ಲವೆನ್ನುವುದು ಅನ್ಯಾಯ. ಪ್ರಾಚೀನತೆ ಬೇಕೆಂದರೆ 1556ರ ಕುರುಗೋಡಿನ ಶಾಸನವೇ ಇದೆ.

ನೃತ್ಯ ವಿದ್ಯಾರ್ಥಿನಿ, ಮೈಸೂರು: ಆ ಶಾಸನ ಹೇಳುವುದು ತಾಳಮದ್ದಳೆಯ ವಿಷಯವನ್ನು. ವೇಷವೂ ಕುಣಿತವೂ ಇಲ್ಲದೆ ಕುಳಿತು ಅರ್ಥ ಹೇಳುವ ಪ್ರಕಾರವನ್ನು ತೋರಿಸಿ ನೃತ್ಯದ ಪ್ರಾಚೀನತೆಯನ್ನು ಸಾಧಿಸಲಾಗದು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಲೆ ಕಥಕ್ಕಳಿಯ ಪ್ರಭಾವ ಎದ್ದು ಕಾಣುತ್ತದೆ. ಆದರೆ ಕಥಕ್ಕಳಿಯ ಹಸ್ತಾಭಿನಯದ ವಿಸ್ತಾರ ಅದರೊಂದಿಗೆ ಬರಲಿಲ್ಲ.

ಕುಂಬಳೆ ಸೀಮೆ: "ಕಥಕ್ಕಳಿಯ ಪ್ರಭಾವ" ಎಂದು ಎಷ್ಟು ಸುಲಭವಾಗಿ ಬರೆದುಬಿಟ್ಟಿರಿ! ಕಥಕ್ಕಳಿಯ ನಟ ಕಥೆಯನ್ನು ಮಾತಿನಲ್ಲಿ ಹೇಳುವುದಿಲ್ಲ. ನಮ್ಮ ವೇಷಧಾರಿ ಹಾಡುಗಾರರಾದ ಭಾಗವತರ ಪದ್ಯಕ್ಕೆ ಕುಣಿದು, ಅದೇ ಪದ್ಯವನ್ನು ಹಿಡಿದು, ಬರೆದುಕೊಟ್ಟ ಸಾಲುಗಳ ಆಸರೆಯಿಲ್ಲದೆ ಎದುರು ಪಾತ್ರದೊಂದಿಗೆ ವಾದಕ್ಕಿಳಿಯುತ್ತಾನೆ. ನಮ್ಮ ಸೀಮೆಯ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಮೇಲೆ ನಿಂತಿರುವ ತೆಂಕುತಿಟ್ಟು ಯಾರ ನೆರಳೂ ಅಲ್ಲ.

ಹೊನ್ನಾವರದ ಬಡಗಿಗ: ನೆರಳಲ್ಲ ಎನ್ನುವುದಾದರೆ ತೆಂಕಿನ ಚೆಂಡೆ, ಜಾಗಟೆ, ಚಕ್ರತಾಳ, ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನಲ್ಲಿ ಇಡುವ ಚುಟ್ಟಿ ಇವುಗಳಿಗೆ ಕೇರಳದ ನಂಟಿಲ್ಲವೆಂದು ವಿವರಿಸಿ ತೋರಿಸಬೇಕು. ಉತ್ತರದ ಶೈಲಿಯಾದ ನಮ್ಮ ಬಡಗಿನ ತಲೆಯುಡುಗೆಗಳಾದ ಕೇದಗೆ ಮುಂದಲೆಗಾಗಲಿ ಮುಂಡಾಸಿಗಾಗಲಿ ಈ ಪ್ರಶ್ನೆಯೇ ಏಳುವುದಿಲ್ಲ. ತೆಂಕಿನ ಮೇಲಿನ ಆಕ್ಷೇಪಕ್ಕೆ ಇಡೀ ಯಕ್ಷಗಾನ ಉತ್ತರ ಕೊಡಬೇಕಾಗಿಲ್ಲ.

ಕುಂಬಳೆ ಸೀಮೆ: ಶುದ್ಧತೆಯ ಮಾತನ್ನು ಬಡಗಿನವರಿಂದ ಕೇಳಬೇಕೆ? ಶಿವರಾಮ ಕಾರಂತರು ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿದ್ದು, ಅರ್ಥಗಾರಿಕೆಯನ್ನು, ಅಂದರೆ ಪಾತ್ರಧಾರಿಯ ಆಶುಮಾತನ್ನು, ಕತ್ತರಿಸಿ ಬ್ಯಾಲೆ ಮಾಡಿದ್ದು ಯಾವ ತಿಟ್ಟಿನಲ್ಲಿ ಎಂಬುದನ್ನು ಮೊದಲು ಹೇಳಿರಿ.

ಹೊನ್ನಾವರದ ಬಡಗಿಗ: ಕಾರಂತರ ಪ್ರಯೋಗವನ್ನು ಮೇಳಗಳು ನಿಯಮವಾಗಿ ಸ್ವೀಕರಿಸಲಿಲ್ಲ; ಅದು ಪ್ರಯೋಗವಾಗಿಯೇ ಉಳಿಯಿತು. ಕಾರಂತರ ಹೆಸರನ್ನು ಎತ್ತಿದವರು ನೀವು. ನೀವು ಆಧಾರವಾಗಿಟ್ಟುಕೊಂಡ ಆ ರಾಮಾಯಣ ಪ್ರಸಂಗಗಳು ಪಾರ್ತಿಸುಬ್ಬನವೇ ಎಂಬುದನ್ನು ಪ್ರಶ್ನಿಸಿದವರೂ ಅವರೇ ಎಂಬುದನ್ನು ಯಾಕೆ ಬಿಟ್ಟಿರಿ?

ಕುಂಬಳೆ ಸೀಮೆ: ಇದು ವಾದವಲ್ಲ, ಅವಮಾನ. ವಿದ್ವಾಂಸ ಕುಕ್ಕಿಲ ಕೃಷ್ಣ ಭಟ್ಟರು ಅದಕ್ಕೆ ಉತ್ತರ ಕೊಟ್ಟಾಗಿದೆ. ಆ ಉತ್ತರವನ್ನು ಬದಿಗಿಟ್ಟು ಆರೋಪವನ್ನು ಮಾತ್ರ ಮತ್ತೆ ಮತ್ತೆ ಎತ್ತುವವರಿಗೆ ನಮ್ಮ ಸೀಮೆಯ ಕವಿಯ ಬಗ್ಗೆ ಗೌರವವಿಲ್ಲ, ಅಷ್ಟೆ.

ಉಡುಪಿಯ ಹವ್ಯಾಸಿ ವೇಷಧಾರಿ: ತೆಂಕು, ಬಡಗು ಎಂದು ಜಗಳವಾಡುತ್ತಾ ಇಬ್ಬರೂ ದೊಡ್ಡ ಅಪಾಯವನ್ನು ಮರೆತಿದ್ದೀರಿ. ಪಟ್ಟಿಯಲ್ಲಿರುವುದು ನೃತ್ಯಗಳು. ಯಕ್ಷಗಾನ ಆ ಪಟ್ಟಿಗೆ ಹೋಗಬೇಕಾದರೆ ಹೆಜ್ಜೆಯೂ ಅಭಿನಯವೂ ಪಠ್ಯಕ್ರಮವಾಗುತ್ತವೆ, ಪರೀಕ್ಷೆಗೆ ಸಿಗದ ಅರ್ಥಗಾರಿಕೆ ಹೊರಗುಳಿಯುತ್ತದೆ. ಕರ್ಣ ಸಾಯುವ ಮುನ್ನ ಕೃಷ್ಣನೊಡನೆ ಆಡುವ ಮಾತಿಲ್ಲದೆ ಬರೀ ಕುಣಿತಕ್ಕಾಗಿ ನಮ್ಮ ಜನ ನಿದ್ದೆಗೆಟ್ಟು ಕುಳಿತುಕೊಳ್ಳುತ್ತಾರೆಯೇ? ಪಟ್ಟಿಯಲ್ಲಿಲ್ಲದೆಯೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು.

ನೃತ್ಯ ವಿದ್ಯಾರ್ಥಿನಿ, ಮೈಸೂರು: ಪದ್ಮಶ್ರೀ ವ್ಯಕ್ತಿಗೆ ಸಲ್ಲುವ ಗೌರವ, ಅದರಿಂದ ಕಲಾಪ್ರಕಾರದ ಸ್ಥಾನಮಾನ ತೀರ್ಮಾನವಾಗುವುದಿಲ್ಲ. ಪಠ್ಯಕ್ರಮಕ್ಕೆ ಇಷ್ಟು ಹೆದರುವುದೇಕೆ? 1930ರಲ್ಲಿ ಕೇರಳ ಕಲಾಮಂಡಲಂ ಹುಟ್ಟಿದ ಮೇಲೆ ಕಥಕ್ಕಳಿಗೆ ಶಿಸ್ತಿನ ಶಿಕ್ಷಣ ಸಿಕ್ಕಿತು, ಕಲೆ ಉಳಿಯಿತು.

ಉಡುಪಿಯ ಹವ್ಯಾಸಿ ವೇಷಧಾರಿ: ಕಥಕ್ಕಳಿಯ ನಟನಿಗೆ ಕಳೆದುಕೊಳ್ಳಲು ಮಾತೇ ಇರಲಿಲ್ಲ. ನನ್ನ ಆಕ್ಷೇಪ ಅದೇ ಆಗಿತ್ತು. ಅದನ್ನು ತಾವು ಮುಟ್ಟಲೇ ಇಲ್ಲ.

ಹೊನ್ನಾವರದ ಬಡಗಿಗ: ಅರ್ಥಗಾರಿಕೆ ಹೊರಗುಳಿಯುತ್ತದೆ ಎಂದು ಈಗಲೇ ತೀರ್ಪು ಕೊಡುವುದು ಬೇಡ. ಮಾತಿದ್ದ ಕೂಚಿಪುಡಿ ಭಾಗವತ ಮೇಳವೂ ಅದೇ ಪಟ್ಟಿಯಲ್ಲಿ ಸೇರಿದೆ.

ಉಡುಪಿಯ ಹವ್ಯಾಸಿ ವೇಷಧಾರಿ: ಸೇರಿದ್ದು ನಿಜ. ಇಂದು ಪಟ್ಟಣದ ಸಭಾಂಗಣಗಳಲ್ಲಿ ನಡೆಯುವ ಕೂಚಿಪುಡಿಯಲ್ಲಿ ಆ ಮೇಳದ ಮಾತು ಎಷ್ಟು ಉಳಿದಿದೆ ಎಂಬುದನ್ನೂ ನೋಡಿ ಬನ್ನಿ.

ಕುಂಬಳೆ ಸೀಮೆ: ಕೂಚಿಪುಡಿ ಆಮೇಲೆ ನೋಡೋಣ. ಪಾರ್ತಿಸುಬ್ಬನ ವಿಷಯದಲ್ಲಿ ಆಡಿದ ಮಾತನ್ನು ಬಡಗಿಗರು ಇನ್ನೂ ಹಿಂದೆಗೆದುಕೊಂಡಿಲ್ಲ.