ಬಾದಾಮಿ–ಹಂಪಿ ಪ್ರವಾಸದ ಚಿತ್ರಗಳಿಂದ ಸ್ಕ್ರ್ಯಾಪ್‌ಬುಕ್: ಮಾಡಿದವರ ಅನುಭವಗಳು

ಪ್ರಶ್ನೆ: ಡಿಸೆಂಬರಿನಲ್ಲಿ ಮನೆಯವರೊಂದಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪಿಗೆ ಹೋಗಿ ಬಂದೆವು. ಫೋನಿನಲ್ಲಿ 700ಕ್ಕೂ ಹೆಚ್ಚು ಚಿತ್ರಗಳಿವೆ. ಕೈಯಾರೆ ಸ್ಕ್ರ್ಯಾಪ್‌ಬುಕ್ ಮಾಡಬೇಕೆಂಬ ಆಸೆಯಿದೆ. ಚಿತ್ರಗಳನ್ನು ಹೇಗೆ ಆರಿಸಬೇಕು, ಎಂಥ ಕಾಗದ, ಎಂಥ ಅಂಟು ಬಳಸಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಇದೇ ಪ್ರವಾಸದ ಪುಸ್ತಕವನ್ನು ನಾನು ಎರಡು ಸಲ ಮಾಡಿದ್ದೇನೆ. ಮೊದಲ ಸಲ ದಿನದ ಕ್ರಮದಲ್ಲಿ ಕಂಡದ್ದನ್ನೆಲ್ಲ ಅಂಟಿಸುತ್ತ ಹೋದದ್ದರಿಂದ ಪ್ರತಿ ಪುಟದಲ್ಲೂ ಕಂಬ, ಗೋಪುರ, ಮತ್ತೆ ಕಂಬ ಎಂಬಂತಾಗಿ, ಮನೆಯವರು ನಾಲ್ಕು ಪುಟ ತಿರುವಿ ಮುಚ್ಚಿಟ್ಟರು. ಎರಡನೆಯ ಸಲ ಪುಟಕ್ಕೆ ಒಂದೇ ಹೊತ್ತು ಎಂದು ನಿಶ್ಚಯಿಸಿದೆ: ಮಾತಂಗ ಬೆಟ್ಟದ ಮೇಲಿನ ಸೂರ್ಯೋದಯಕ್ಕೆ ಒಂದು ಪುಟ, ತುಂಗಭದ್ರೆಯಲ್ಲಿ ಹರಿಗೋಲು ಏರಿದ ಅರ್ಧ ಗಂಟೆಗೆ ಇನ್ನೊಂದು. ಹೀಗೆ ಹೊತ್ತುಗಳನ್ನು ಮೊದಲು ಪಟ್ಟಿ ಮಾಡಿಕೊಂಡರೆ 700 ಚಿತ್ರಗಳು ತಾವಾಗಿಯೇ ಅರವತ್ತಕ್ಕೆ ಇಳಿಯುತ್ತವೆ.

12 ಅಂಗುಲ ಚೌಕದ ಹಾಳೆಯಲ್ಲಿ 4×6 ಅಂಗುಲದ ಆರು ಚಿತ್ರಗಳು ಹಿಡಿಸುತ್ತವೆ, ಆದರೆ ಮೂರಕ್ಕಿಂತ ಹೆಚ್ಚು ಇಟ್ಟರೆ ಕಣ್ಣಿಗೂ ಬರವಣಿಗೆಗೂ ಜಾಗ ಉಳಿಯುವುದಿಲ್ಲ. ಒಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಉಳಿದ ಎರಡನ್ನು ಬೇಕಾದಷ್ಟೇ ಕತ್ತರಿಸಿ ಪಕ್ಕದಲ್ಲಿಡಿ. ಹಿನ್ನೆಲೆಯ ಬಣ್ಣದ ಬಗ್ಗೆಯೂ ಒಂದು ಮಾತು. ಬಾದಾಮಿಯ ಕೆಂಪು ಮರಳುಗಲ್ಲಿನ ಚಿತ್ರಗಳಿಗೆ ನಾನು ಕೆಂಪು ಹಾಳೆ ಹಾಕಿ ಬಂಡೆಯ ಕಾಂತಿಯನ್ನೇ ಕಳೆದಿದ್ದೆ; ಅಗಸ್ತ್ಯ ತೀರ್ಥದ ನೀರನ್ನು ಹೋಲುವ ತಿಳಿ ಬೂದು ಹಸಿರಿನ ಮೇಲೆ ಇಟ್ಟಾಗ ಅದೇ ಬಂಡೆ ಎದ್ದು ಕಂಡಿತು.

ಕೆಟ್ಟ ಚಿತ್ರವೆಂದು ಎಲ್ಲವನ್ನೂ ಅಳಿಸಬೇಡಿ. ವಿರೂಪಾಕ್ಷ ದೇವಾಲಯದ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬರುವ ಬೆಳಕು ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆಯಲ್ಲವೇ, ನನ್ನ ಚಿತ್ರದಲ್ಲಿ ಅದು ಮಸುಕು ಕಲೆಯಷ್ಟೇ ಆಗಿ ಬಂದಿತ್ತು. ಗೋಪುರದ ಸ್ಪಷ್ಟ ಚಿತ್ರದ ಕೆಳಗೆ ಅದನ್ನು ಚಿಕ್ಕದಾಗಿ ಇಟ್ಟೆ. ನನ್ನ ಮಗಳು ಆ ಪುಟ ಬಂದಾಗಲೆಲ್ಲ ಪುಸ್ತಕವನ್ನೇ ತಿರುಗಿಸಿ ನೋಡುತ್ತಾಳೆ.

ಎರಡನೆಯ ಉತ್ತರ: ನಾನು ಕರಾವಳಿಯವಳಾದ್ದರಿಂದ ತೇವದ ವಿಷಯವನ್ನೇ ಹೇಳುತ್ತೇನೆ. ಅಗ್ಗದ ಡ್ರಾಯಿಂಗ್ ಹಾಳೆಯಲ್ಲಿರುವ ಲಿಗ್ನಿನ್ (ಮರದಿಂದ ಬಂದ ಅಂಶ) ಮತ್ತು ಆಮ್ಲದಿಂದ ಕೆಲವೇ ವರ್ಷಗಳಲ್ಲಿ ಹಾಳೆ ಹಳದಿಯಾಗುತ್ತದೆ. ಆಮ್ಲರಹಿತ ಎಂದು ನಮೂದಿಸಿದ ದಪ್ಪ ಹಾಳೆಯನ್ನೇ ಕೊಳ್ಳಿ. ಬಿಳಿ ಅಂಟಿನಲ್ಲಿರುವ ನೀರಿನಿಂದ ಹಾಳೆ ಸುಕ್ಕಾಗುತ್ತದೆ, ಆದ್ದರಿಂದ ಚಿತ್ರದ ನಾಲ್ಕು ಮೂಲೆಗೆ ಸಿಕ್ಕಿಸುವ ಕಾಗದದ ಮೂಲೆಗಳು ಉತ್ತಮ. ನಾಳೆ ಚಿತ್ರ ಬದಲಿಸಬೇಕೆಂದರೂ ಹರಿಯದೆ ಬರುತ್ತದೆ. ಬಸ್ಸಿನಲ್ಲಿ ಯಂತ್ರದಿಂದ ಕೊಡುವ ಟಿಕೆಟುಗಳ ಅಕ್ಷರ ಶಾಖದಿಂದ ಮೂಡಿದ್ದು, ಅದು ಮಾಸಿಹೋಗುತ್ತದೆ. ನಾನು ಅಕ್ಕರೆಯಿಂದ ಅಂಟಿಸಿದ್ದ ಹೊಸಪೇಟೆಯ ಟಿಕೆಟು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಖಾಲಿ ಕಾಗದವಾಯಿತು. ಮೊದಲೇ ಜೆರಾಕ್ಸ್ ಮಾಡಿಸಿ ಆ ಪ್ರತಿಯನ್ನು ಅಂಟಿಸಿ. ಪುಸ್ತಕವನ್ನು ಹೊರಗೋಡೆಗೆ ತಾಗದ ಕಪಾಟಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.

ಮೂರನೆಯ ಉತ್ತರ: ಮೇಲಿನವರು ಹೇಳಿದ್ದೆಲ್ಲ ಸರಿ, ನಾನು ಸೇರಿಸುವುದು ಬರವಣಿಗೆಯನ್ನು. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ ಎಂಬುದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ, ಆದರೆ ಆ ಗುಹೆಯ ಮೆಟ್ಟಿಲ ಮೇಲೆ ಕೋತಿಯೊಂದು ನಮ್ಮ ಅತ್ತೆಯವರ ಕೈಯಿಂದ ಕಡಲೆಕಾಯಿ ಪೊಟ್ಟಣ ಕಿತ್ತುಕೊಂಡದ್ದು ನಮ್ಮ ಪುಟದಲ್ಲಿ ಮಾತ್ರ ಇದೆ. ಅದನ್ನು ನಾನು ಬರೆಯಲಿಲ್ಲ, ಅತ್ತೆಯವರಿಂದಲೇ ಬರೆಸಿದೆ. ನೀರು ತಾಗಿದರೂ ಹರಡದ ಶಾಯಿಯ ಪೆನ್ನು ಕೊಟ್ಟು, ಬೇರೆ ಚೀಟಿಯಲ್ಲಿ ಬರೆಸಿ ಆಮೇಲೆ ಅಂಟಿಸಿದರೆ ತಪ್ಪಾದರೂ ಪುಟ ಕೆಡುವುದಿಲ್ಲ. ನಿಮ್ಮೊಂದಿಗೆ ಬಂದ ಹಿರಿಯರ ಮುಂದೆ ಈ ವಾರವೇ ಚಿತ್ರಗಳನ್ನು ಹರಡಿ ಕೂತುಕೊಳ್ಳಿ. ಚೀಟಿಗಳನ್ನು ಮಾತ್ರ ಸ್ವಲ್ಪ ಹೆಚ್ಚಾಗಿಯೇ ಕತ್ತರಿಸಿಟ್ಟುಕೊಂಡಿರಿ.