ಚೋರಟೆ (ಸಹಸ್ರಪದಿ) ಮಣ್ಣೊಳಗೆ ಹೋಗಿ ಕೂತಿದೆ, ಅಗೆದು ನೋಡಬಹುದಾ?

ಗೋರೆಗಾಂವ್ ಅಕ್ಕ:
ನಮಸ್ಕಾರ. ಮಳೆ ಶುರುವಾದ ಮೇಲೆ ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆ ತುಂಬಾ ಚೋರಟೆ. ಮಗ ಮೂರು ಹಿಡಿದು ತಂದು, ಸಾಕಿಯೇ ಸಾಕುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಾಯಿ ಬೇಡ ಅಂದಿದ್ದಕ್ಕೆ ಈ ಸೇಡು. ಕುಂದಾಪುರದ ಮನೆಯಲ್ಲಿ ಇವನ್ನು ಹಿಡಿಸೂಡಿಯಲ್ಲಿ ಗುಡಿಸಿ ಅಂಗಳದಾಚೆ ಹಾಕುತ್ತಿದ್ದವಳು ನಾನು. ಈಗ ದಿನಾ ಸೌತೆಕಾಯಿ ಹೆಚ್ಚಿ ಕೊಡುತ್ತಿದ್ದೇನೆ.

ವಿಷಯ ಏನೆಂದರೆ, ದೊಡ್ಡ ಹುಳವೊಂದು ಡಬ್ಬಿಗೆ ಹಾಕಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಳಗೆ ಹೋಗಿದ್ದು ಮೇಲೆ ಬಂದೇ ಇಲ್ಲ. ಸತ್ತಿರಬಹುದಾ? ಚಮಚದಲ್ಲಿ ಅಗೆದು ನೋಡಲಾ? ಡಬ್ಬಿಯಲ್ಲಿಟ್ಟ ಮರದ ತುಂಡಿಗೆ ಬಿಳಿ ಬೂಷ್ಟು ಬಂದಿದೆ. ಮಗನ ಬೆರಳಿಗೆ ಕಂದು ಕಲೆ ಆಗಿದೆ, ಸೋಪಿಗೂ ಹೋಗುತ್ತಿಲ್ಲ. ಯಜಮಾನರು ಡಬ್ಬಿ ಸಮೇತ ಬಿಸಾಡು ಅನ್ನುತ್ತಿದ್ದಾರೆ.

ಡೊಂಬಿವಲಿ ಮಾಮ:
ಚೋರಟೆ ಸಾಕುವುದಾ! ಮುಂಬೈಯಲ್ಲಿ ಮನುಷ್ಯರಿಗೇ ಜಾಗ ಇಲ್ಲ. ಕಚ್ಚಿದರೆ ಏನು ಮಾಡುತ್ತೀಯಮ್ಮ?

ಠಾಣೆ ತರಗೆಲೆ:
ಮಾಮ, ಕಚ್ಚುವುದು ಜರಿ. ಅದಕ್ಕೆ ಉಂಗುರಕ್ಕೊಂದು ಜೊತೆ ಕಾಲು, ಓಟವೂ ಜೋರು. ಚೋರಟೆಗೆ ಮುಂದಿನ ಕೆಲವು ಉಂಗುರ ಬಿಟ್ಟರೆ ಎರಡೆರಡು ಜೊತೆ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ, ಅಷ್ಟೇ. ಜಾಸ್ತಿ ಕೆಣಕಿದರೆ ಪಕ್ಕೆಯ ಸಣ್ಣ ತೂತುಗಳಿಂದ ರಸ ಬಿಡುತ್ತದೆ. ಅಕ್ಕ, ನಿಮ್ಮ ಮಗನ ಬೆರಳಿಗೆ ಆಗಿರುವುದು ಅದೇ. ಅದರಲ್ಲಿ ಬೆಂಜೋಕ್ವಿನೋನ್ ಎಂಬ ರಾಸಾಯನಿಕ ಇರುತ್ತದೆ. ಕಲೆ ನಿಧಾನಕ್ಕೆ ತಾನೇ ಹೋಗುತ್ತದೆ. ಕಣ್ಣಿಗೆ ಮಾತ್ರ ತಾಗಬಾರದು. ತಾಗಿದರೆ ತುಂಬಾ ಹೊತ್ತು ನೀರು ಹಾಯಿಸಿ ತೊಳೆದು ಡಾಕ್ಟರಿಗೆ ತೋರಿಸಿ. ಹುಳ ಮುಟ್ಟಿದ ಕೂಡಲೇ ಕೈ ತೊಳೆಯಬೇಕು ಅಂತ ಹುಡುಗನಿಗೆ ಹೇಳಿ.

ಇನ್ನು ಅಗೆಯುವ ವಿಷಯ. ದಯವಿಟ್ಟು ಬೇಡ! ಅದು ಪೊರೆ ಬಿಡಲು ಹೋಗಿರಬೇಕು. ಮಣ್ಣಲ್ಲಿ ಸಣ್ಣ ಗೂಡು ಮಾಡಿಕೊಂಡು, ಹಳೆ ಚಿಪ್ಪು ಕಳಚಿ, ಹೊಸದು ಗಟ್ಟಿಯಾಗುವ ತನಕ ಅಲ್ಲೇ ಇರುತ್ತದೆ. ವಾರಗಟ್ಟಲೆ ಆಗಬಹುದು. ಆಗ ಮೈ ಮೆತ್ತಗಿರುತ್ತದೆ, ಚಮಚ ತಾಗಿದರೆ ಕಥೆ ಮುಗಿಯಿತು. ಕಳಚಿದ ಚಿಪ್ಪನ್ನು ಅದೇ ತಿಂದುಬಿಡುತ್ತದೆ, ಸುಣ್ಣದಂಶ ವಾಪಸ್ ಬೇಕಲ್ವಾ. ಸತ್ತಿದ್ದರೆ ನಾಲ್ಕು ದಿನದಲ್ಲಿ ವಾಸನೆಯೇ ಹೇಳುತ್ತದೆ.

ನನಗೆ ಚಿಂತೆ ಬರೀ ಕೋಕೋಪೀಟ್ ಬಗ್ಗೆ. ಅದರಿಂದ ಹೊಟ್ಟೆ ತುಂಬುವುದಿಲ್ಲ. ಸೌತೆಕಾಯಿ ಬಾಯಿರುಚಿಗೆ. ಊಟ ಅಂದರೆ ಕೊಳೆತ ಎಲೆ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಮರ. ರಸ್ತೆ ಬದಿಯ ಕಾಡುಬಾದಾಮಿ ಮರದ ಉದುರಿದ ಕಂದು ಎಲೆ ಒಳ್ಳೆಯದು. ಬೇವು, ನೀಲಗಿರಿ ಬೇಡ. ಸೊಳ್ಳೆಗೆ ಹೊಗೆ ಬಿಡುವ ಜಾಗದ್ದು ಬೇಡವೇ ಬೇಡ. ನ್ಯಾಷನಲ್ ಪಾರ್ಕ್ ಹತ್ತಿರವಿದೆ ಅಂತ ಅಲ್ಲಿಂದಲೂ ತರಬೇಡಿ, ಅಲ್ಲಿಂದ ಏನೂ ಎತ್ತಿಕೊಂಡು ಬರುವಂತಿಲ್ಲ. ಒಳ್ಳೆಯ ಎಲೆ, ಕೊಳೆತ ಮರ ಪುಡಿ ಮಾಡಿ ಮಣ್ಣಿಗೆ ಬೆರೆಸಿ. ಮಣ್ಣಿನ ಆಳ ದೊಡ್ಡ ಹುಳದ ಉದ್ದಕ್ಕಿಂತ ಕಮ್ಮಿ ಇರಬಾರದು. ಆದರೆ ಈಗಲೇ ಕಲಸಬೇಡಿ! ಸದ್ಯಕ್ಕೆ ಮೇಲೆ ಹರಡಿ ಸಾಕು, ಒಳಗಿರುವುದು ಹೊರಗೆ ಬಂದ ಮೇಲೆ ಬೆರೆಸಿ.

ಬಿಳಿ ಬೂಷ್ಟಿಗೆ ಹೆದರಬೇಡಿ, ಹೊಸ ಮರಕ್ಕೆ ಬರುತ್ತದೆ, ಹೋಗುತ್ತದೆ.

ಪುಣೆ ಬಾಲ್ಕನಿ:
ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ನಮ್ಮಲ್ಲಿ ಮಾರ್ಚ್‌ನಿಂದ ಗಾಳಿ ಒಣಗುತ್ತದೆ, ದಿನಾ ನೀರು ಚಿಮುಕಿಸಲೇಬೇಕು. ನಿಮ್ಮ ಮುಂಬೈ ಮಳೆಗಾಲದಲ್ಲಿ ತದ್ವಿರುದ್ಧ, ನೀರು ಜಾಸ್ತಿಯಾಗಿಯೇ ಸಾಯುತ್ತವೆ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಡಬ್ಬಿಯ ಪಕ್ಕಕ್ಕೆ ಸಣ್ಣ ತೂತು ಮಾಡಿ. ನಲ್ಲಿ ನೀರನ್ನು ರಾತ್ರಿ ತೆರೆದಿಟ್ಟು ಮಾರನೇ ದಿನ ಬಳಸಿ.

ಇನ್ನೊಂದು, ಘಟ್ಟದ ಕಡೆ ಹೋದಾಗ ಕಪ್ಪಿನ ಮೇಲೆ ಹಳದಿ ಗುರುತಿನ ಚಪ್ಪಟೆ ಚೋರಟೆ ಚಂದ ಕಂಡಿತು ಅಂತ ತಂದು ಡಬ್ಬಿಗೆ ಹಾಕಬೇಡಿ. ಆ ಜಾತಿಯ ಹಲವು ಸೈನೈಡ್ ಬಿಡುತ್ತವೆ, ಮುಚ್ಚಿದ ಡಬ್ಬಿಯಲ್ಲಿ ಜೊತೆಗಿರುವ ಹುಳಕ್ಕೆ ಅಪಾಯ.

ಗೋರೆಗಾಂವ್ ಅಕ್ಕ:
ಅಬ್ಬ, ಚಮಚ ಒಳಗಿಟ್ಟೆ. ಮಗ ಈ ಮಾತುಕತೆ ಪೂರ್ತಿ ಅಪ್ಪನಿಗೆ ಓದಿ ಹೇಳಿದ. ಸುಣ್ಣದಂಶಕ್ಕೆ ಮೊಟ್ಟೆ ಚಿಪ್ಪು ಹಾಕೋಣ ಅಂದರೆ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಹುಳದ ಚಿಪ್ಪು ಗಟ್ಟಿಯಾಗಲಿ ಅಂತ ವೀಳ್ಯದೆಲೆಗೆ ಹಚ್ಚುವ ಸುಣ್ಣ ಹಾಕಬಹುದಾ? ಮತ್ತೆ ಚೌತಿಗೆ ಊರಿಗೆ ಹೋಗುತ್ತೇವೆ, ಇವನ್ನು ಯಾರಿಗೆ ಒಪ್ಪಿಸುವುದು?

ಠಾಣೆ ತರಗೆಲೆ:
ಅಯ್ಯೋ, ಆ ಸುಣ್ಣ ಬೇಡ, ಮೈ ಸುಟ್ಟುಬಿಡುತ್ತದೆ. ಗಿಳಿಯ ಪಂಜರಕ್ಕೆ ಕಟ್ಟುವ ಬಿಳಿ ಕಟಲ್‌ಬೋನ್ ಪ್ರಾಣಿ ಅಂಗಡಿಯಲ್ಲಿ ಸಿಗುತ್ತದೆ, ಕೆರೆದು ಉದುರಿಸಿ. ಅದೂ ಕಪ್ಪೆ ಬೊಂಡಾಸ್ ಮೀನಿನದ್ದು, ಮನೆಯಲ್ಲಿ ಅದಕ್ಕೂ ಮಡಿ ಇದ್ದರೆ ನನಗೆ ಗೊತ್ತಿಲ್ಲ ಅಂದುಕೊಳ್ಳಿ.

ಊರಿಗೆ ಹೋಗುವಾಗ ಯಾರಿಗೂ ಒಪ್ಪಿಸಬೇಕಿಲ್ಲ. ಎಲೆ ತುಂಬಾ ಹಾಕಿ, ಬಿಸಿಲು ಬೀಳದ ಕಡೆ ಇಟ್ಟು ಹೋಗಿ. ಸೌತೆಕಾಯಿ ಒಂದು ತುಂಡೂ ಬಿಡಬೇಡಿ, ಕೊಳೆತು ನೊಣ ತುಂಬುತ್ತದೆ. ವಾಪಸ್ ಬಂದಾಗ ಬೆಳ್ಳಗಿನ ಸಣ್ಣ ಮರಿಗಳು ಕಂಡರೆ ಗಾಬರಿಯಾಗಬೇಡಿ. ಹುಟ್ಟಿದಾಗ ಸಾಮಾನ್ಯವಾಗಿ ಮೂರೇ ಜೊತೆ ಕಾಲು, ಪೊರೆ ಬಿಟ್ಟ ಹಾಗೆಲ್ಲ ಹೆಚ್ಚುತ್ತವೆ. ಜಾಸ್ತಿಯಾದರೆ ಅದೇ ಕಾಂಪೌಂಡ್ ಗೋಡೆ ಬುಡದಲ್ಲಿ ಬಿಡಿ, ಬೇರೆ ಕಡೆ ಬೇಡ.

ಡೊಂಬಿವಲಿ ಮಾಮ:
ಮರಿ ಬೇರೆನಾ! ಯಜಮಾನರಿಗೆ ಇದನ್ನು ಓದಿ ಹೇಳಬೇಡ ಅನ್ನಮ್ಮ ಹುಡುಗನಿಗೆ.